ಫಲಕದ ನಕ್ಷೆಯಲ್ಲಿ ಮೇಲೆ ಬರಬೇಕಾದ್ದು ಯಾವ ದಿಕ್ಕು? ಕ್ಯಾಂಪಸ್ ದಾರಿಸೂಚಕಗಳ ಬಗ್ಗೆ ಟಿಪ್ಪಣಿ

ಫಲಕಗಳಲ್ಲಿ ನಾಲ್ಕು ಬಗೆ: ಕಟ್ಟಡದ ಹೆಸರು ಹೇಳುವವು, ಬಾಣ ತೋರಿಸುವವು, ನಕ್ಷೆಯಿರುವವು, ನಿಯಮ ತಿಳಿಸುವವು. ಬಾಣದ ಫಲಕ ದಾರಿ ಕವಲೊಡೆಯುವಲ್ಲಿ ಬೇಕು. ಎರಡು ಕವಲುಗಳ ನಡುವೆ ದೂರ ಹೆಚ್ಚಿದ್ದರೆ, ಹಾದಿ ತಪ್ಪಿಲ್ಲವೆಂಬ ಧೈರ್ಯಕ್ಕೆ ಮಧ್ಯೆ ಇನ್ನೊಂದು. ಇಷ್ಟು ಸುಲಭ.

ತಲೆ ತಿನ್ನುವುದು ‘ನೀವು ಇಲ್ಲಿದ್ದೀರಿ’ ನಕ್ಷೆ. ಪುಸ್ತಕದಲ್ಲಿ ಉತ್ತರ ಮೇಲಿರುತ್ತದೆ. ನಿಂತು ನೋಡುವ ಫಲಕದಲ್ಲಿ ಮಾತ್ರ, ಓದುವವರು ಯಾವ ಕಡೆ ಮುಖ ಮಾಡಿ ನಿಂತಿರುತ್ತಾರೋ ಆ ದಿಕ್ಕು ಮೇಲೆ ಬರಬೇಕು. ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವೀನ್ 1982ರಲ್ಲೇ ಇದನ್ನು ವಿವರಿಸಿದ್ದರು. ಲಂಡನ್ನಿನ ಪಾದಚಾರಿ ನಕ್ಷೆಗಳೂ ಹೀಗೇ ಇವೆ.

ಲೆಕ್ಕ ಹಾಕಿ ನೋಡೋಣ. ಓದುವವರ ಮುಖ ದಕ್ಷಿಣಕ್ಕಿದೆ, ಗ್ರಂಥಾಲಯ ಆಗ್ನೇಯದಲ್ಲಿದೆ. ದಕ್ಷಿಣಕ್ಕೆ ಮುಖ ಮಾಡಿದವರಿಗೆ ಪೂರ್ವ ಎಡಗಡೆ. ಅಂದರೆ ಗ್ರಂಥಾಲಯ ಮುಂದೆ, ಎಡಕ್ಕೆ. ಉತ್ತರ ಮೇಲಿರುವ ನಕ್ಷೆಯಲ್ಲಿ ಅದು ಕೆಳಗೆ, ಬಲಕ್ಕೆ ಕಾಣುತ್ತದೆ. ನೋಡಿದವರು ಬಲಕ್ಕೆ ಹೊರಟರೆ ಪಶ್ಚಿಮದ ಪಾಲು! ಅದೇ ನಕ್ಷೆಯನ್ನು 180 ಡಿಗ್ರಿ ತಿರುಗಿಸಿದರೆ ಗ್ರಂಥಾಲಯ ಮೇಲೆ, ಎಡಕ್ಕೆ ಬರುತ್ತದೆ. ನಕ್ಷೆಯ ಎಡವೂ ಮೈಯ ಎಡವೂ ಒಂದೇ ಆಯಿತು.

ಎಡವುವ ಜಾಗ ಇದರೊಳಗೇ ಇನ್ನೊಂದಿದೆ. ಓದುವವರು ದಕ್ಷಿಣಕ್ಕೆ ನೋಡುತ್ತಿದ್ದರೆ ಫಲಕದ ಮುಖ ಉತ್ತರಕ್ಕಿರುತ್ತದೆ. ತಯಾರಿಸಬೇಕಾದ ಫಲಕಗಳ ಪಟ್ಟಿಯಲ್ಲಿ ಬರೀ ‘ಮುಖ: ಉತ್ತರ’ ಎಂದು ಬರೆದರೆ, ಯಾರ ಮುಖ ಎಂಬ ಗೊಂದಲದಲ್ಲಿ ನಕ್ಷೆ ಪೂರ್ತಿ ತಲೆಕೆಳಗು. ಹಾಗಾಗಿ ನನ್ನ ಪಟ್ಟಿಯಲ್ಲಿ ದಿಕ್ಕಿಗೆ ಒಂದೇ ಕಾಲಂ: ‘ಓದುವವರು ನೋಡುವ ದಿಕ್ಕು’. ಎರಡೂ ಬದಿ ನಕ್ಷೆಯಿದ್ದರೆ ಆ ಫಲಕಕ್ಕೆ ಎರಡು ಸಾಲು, ಎರಡು ಬೇರೆ ನಕ್ಷೆ. ಒಂದನ್ನೇ ಎರಡೂ ಕಡೆ ಅಂಟಿಸಿದರೆ ಒಂದು ಬದಿ ಖಂಡಿತ ಸುಳ್ಳು ಹೇಳುತ್ತದೆ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವಾಗ ಕಟ್ಟಡಗಳ ಹೆಸರುಗಳನ್ನು ಬೇರೆ ಲೇಯರಿನಲ್ಲಿ (ಪದರದಲ್ಲಿ) ಇಡಿ. ನಕ್ಷೆ ತಿರುಗಲಿ, ಅಕ್ಷರ ನೆಟ್ಟಗೇ ಇರಲಿ.

ಅಕ್ಷರದ ಗಾತ್ರಕ್ಕೆ ರೂಢಿಯಲ್ಲಿರುವ ಒಂದು ಅಂದಾಜು, ಸುಮಾರು 7.5 ಮೀಟರ್ ದೂರಕ್ಕೆ 25 ಮಿ.ಮೀ. ಎತ್ತರ. ಇದು ರೋಮನ್ ದೊಡ್ಡಕ್ಷರಗಳ ಲೆಕ್ಕ. ಕನ್ನಡಕ್ಕೆ ಫಾಂಟ್ ಸೈಜ್ ನಂಬಬೇಡಿ, ಒತ್ತು ಬಿಟ್ಟು ಮೂಲಾಕ್ಷರವನ್ನಷ್ಟೇ ಅಳೆಯಿರಿ. ‘ಅರ್ಥಶಾಸ್ತ್ರ’ದಲ್ಲಿ ತಕಾರ, ರಕಾರ ಎರಡೂ ಕೆಳಗಿಳಿಯುತ್ತವೆ, ಸಾಲುಗಳ ನಡುವೆ ಜಾಗ ಬಿಡದಿದ್ದರೆ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ.

ತಯಾರಿಗೆ ಹೊಳಪಿಲ್ಲದ ಮೇಲ್ಮೈ ಆರಿಸಿ, ಬಿಸಿಲು ಪ್ರತಿಫಲಿಸಿದರೆ ಓದಲಾಗದು. ವಿಭಾಗಗಳು ಕಟ್ಟಡ ಬದಲಿಸುತ್ತಲೇ ಇರುತ್ತವೆ, ಆ ಹೆಸರುಗಳು ಬಿಚ್ಚಿ ಹಾಕುವ ಪಟ್ಟಿಯ ಮೇಲಿರಲಿ. ಆರ್ಡರ್ ಕೊಡುವ ಮುನ್ನ ನಕ್ಷೆಯನ್ನು ನಿಜ ಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ, ಅದೇ ಜಾಗದಲ್ಲಿ ಅಂಟಿಸಿ. ಕ್ಯಾಂಪಸ್ ಗೊತ್ತಿಲ್ಲದವರೊಬ್ಬರನ್ನು ಅದರ ಮುಂದೆ ನಿಲ್ಲಿಸಿ, ಗ್ರಂಥಾಲಯ ಎಲ್ಲಿದೆ, ಕೈ ಮಾಡಿ ತೋರಿಸಿ ಎನ್ನಿ. ಬಾಯಲ್ಲಿ ಹೇಳಿದ ಉತ್ತರ ಲೆಕ್ಕಕ್ಕಿಲ್ಲ. ಕೈ ಯಾವ ಕಡೆ ಹೋಯಿತು ಎಂದಷ್ಟೇ ಬರೆದುಕೊಳ್ಳಿ.