ಇಳಿದ ಮೆಟ್ಟಿಲು ಆ್ಯಪ್ ಲೆಕ್ಕಕ್ಕೆ ಬರುವುದಿಲ್ಲ

ಗಂಗಾವತಿಯ ನನ್ನ ಫಿಜಿಯೋಥೆರಪಿ ಕ್ಲಿನಿಕ್‌ಗೆ ಸೋಮವಾರ, ಮಂಗಳವಾರ ಮೊಣಕಾಲು ನೋವಿನವರು ಬರುವುದು ಜಾಸ್ತಿ. ಶನಿವಾರ ಹನುಮಪ್ಪನ ದರ್ಶನಕ್ಕೆ ಅಂತಲೋ, ಭಾನುವಾರ ಗೆಳೆಯರ ಜೊತೆ ಅಂತಲೋ ಗುಡ್ಡ ಹತ್ತಿ ಬಂದವರು ಇವರು. ಎಷ್ಟೋ ಜನ ಕುರ್ಚಿಯಲ್ಲಿ ಕೂರುತ್ತಲೇ ಫೋನ್ ತೆಗೆದು ತೋರಿಸುತ್ತಾರೆ. "ಮೇಡಂ, ನಾ ದಿನಾ ಎಂಟು ಸಾವಿರ ಹೆಜ್ಜಿ ನಡೀತೀನ್ರಿ. ನಿನ್ನೆ ಅದಕ್ಕಿಂತ ಕಮ್ಮೀನ ಆಗೇತಿ. ಮತ್ತ ಮೊಣಕಾಲು ಯಾಕ ಹಿಡೀತು?"

ಪ್ರಶ್ನೆ ಸರಿಯಾಗಿಯೇ ಇದೆ. ಫೋನ್ ತೋರಿಸಿದ್ದೂ ಸುಳ್ಳಲ್ಲ. ಆದರೆ ಫೋನ್ ಎಣಿಸಿದ್ದೇ ಬೇರೆ, ಮೊಣಕಾಲು ಹೊತ್ತಿದ್ದೇ ಬೇರೆ.

ಹನುಮಪ್ಪನ ಗುಡಿ ಇರುವ ಅಂಜನಾದ್ರಿ ಬೆಟ್ಟವನ್ನೇ ತೆಗೆದುಕೊಳ್ಳಿ. 575 ಮೆಟ್ಟಿಲು. ಹತ್ತಿ ಇಳಿದರೆ 1,150 ಹೆಜ್ಜೆ. ಸಮತಟ್ಟಾದ ರಸ್ತೆಯಲ್ಲಿ ಇಷ್ಟು ಹೆಜ್ಜೆ ಹಾಕಲು ಹತ್ತು-ಹನ್ನೆರಡು ನಿಮಿಷ ಸಾಕು. ಫೋನಿನಲ್ಲಿ ಹೆಜ್ಜೆ ಎಣಿಸುವ ಸೆನ್ಸರ್‌ಗೆ ಗೊತ್ತಾಗುವುದು ದೇಹದ ಅಲುಗಾಟ ಮಾತ್ರ. ಅಲುಗಿದರೆ ಒಂದು ಹೆಜ್ಜೆ. ಅದು ಬಸ್‌ಸ್ಟ್ಯಾಂಡ್ ಪಕ್ಕದ ರಸ್ತೆಯೋ ಬೆಟ್ಟದ ಮೆಟ್ಟಿಲೋ ಅಂತ ಅದು ಕೇಳುವುದಿಲ್ಲ. ಬಂಡೆಗೆ ಕೈ ಊರಿ ಮೈ ಎತ್ತಿಕೊಂಡು ಹತ್ತುವಾಗ ಎಷ್ಟೋ ಹೆಜ್ಜೆ ತಪ್ಪಿಯೂ ಹೋಗುತ್ತವೆ.

ಕೆಲವು ಫೋನ್ ಮತ್ತು ವಾಚ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅವು ಎಷ್ಟು ಮಹಡಿ ಹತ್ತಿದಿರಿ ಅಂತ ಹೇಳುತ್ತವೆ. ಸುಮಾರು ಹತ್ತು ಅಡಿ ಏರಿದರೆ ಒಂದು ಮಹಡಿ. ಒಂದು ಮೆಟ್ಟಿಲು ಅರ್ಧ ಅಡಿ ಅಂತ ಹಿಡಿದರೂ ಅಂಜನಾದ್ರಿ 28 ಮಹಡಿ ಆಗುತ್ತದೆ. ಹೆಜ್ಜೆ ಲೆಕ್ಕದಲ್ಲಿ ಹತ್ತು ನಿಮಿಷದ ವಾಕಿಂಗ್ ಆಗಿದ್ದು ಇಲ್ಲಿ 28 ಮಹಡಿ ಆಯಿತು, ಅಲ್ವಾ? ಈ ಲೆಕ್ಕ ಎಷ್ಟೋ ವಾಸಿ. ಆದರೂ ಇದರಲ್ಲೊಂದು ಕೊರತೆ ಇದೆ. ಐಫೋನ್ ಸೇರಿದಂತೆ ಈ ಲೆಕ್ಕ ಕೊಡುವ ಎಷ್ಟೋ ಸಾಧನಗಳು ಹತ್ತಿದ ಮಹಡಿಯನ್ನು ಮಾತ್ರ ಎಣಿಸುತ್ತವೆ, ಇಳಿದದ್ದನ್ನು ಬಿಟ್ಟುಬಿಡುತ್ತವೆ. ನನ್ನ ಹತ್ತಿರ ಬರುವ ನೋವುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಇಳಿಯುವಾಗ.

ಹತ್ತುವಾಗ ಏದುಸಿರು ಬರುತ್ತದೆ, ಬೆವರು ಸುರಿಯುತ್ತದೆ. ಹಾಗಾಗಿ ಅದೇ ಕಷ್ಟ ಅನ್ನಿಸುತ್ತದೆ. ಇಳಿಯುವಾಗ ಉಸಿರು ಹಗುರ, ಜೊತೆಗೆ ಮಾತು, ನಗು, ಓಟ. ಆದರೆ ಒಂದೊಂದು ಮೆಟ್ಟಿಲು ಇಳಿದಾಗಲೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ತಡೆದು ಕೆಳಗಿಳಿಸಬೇಕು. ಭತ್ತದ ಲೋಡು ಹೊತ್ತ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬರುವ ಹಾಗೆ. ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಕೀಲಿನ ಮೇಲೆ ಮೈತೂಕದ ಮೂರು ಪಟ್ಟಿಗೂ ಜಾಸ್ತಿ ಭಾರ ಬೀಳುತ್ತದೆ. 70 ಕೆ.ಜಿ. ತೂಕದವರಿಗೆ ಇದು 200 ಕೆ.ಜಿ. ದಾಟುತ್ತದೆ. ಸ್ನಾಯು ಸೋತರೆ ಆ ಭಾರವನ್ನೆಲ್ಲ ಕೀಲು ನೇರವಾಗಿ ತಾಳಿಕೊಳ್ಳಬೇಕಾಗುತ್ತದೆ.

ಮರುದಿನ, ಮೂರನೇ ದಿನ ತೊಡೆ ಬಿಗಿದುಕೊಂಡು ನೋಯುವುದು ಸಹಜ. ಒಂದರಿಂದ ಮೂರು ದಿನದೊಳಗೆ ಅದು ಜಾಸ್ತಿಯಾಗಿ, ತಾನೇ ಇಳಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಮೊಣಕಾಲು ಊದಿದ್ದರೆ, ಕಾಲು ಊರಿದಾಗ ಕೀಲು ಜಾರಿದಂತಾದರೆ, ಅಥವಾ ಮಡಚಿದ ಕಾಲು ಪೂರ್ತಿ ನೆಟ್ಟಗಾಗದೆ ಸಿಕ್ಕಿಹಾಕಿಕೊಂಡರೆ ತಡಮಾಡದೆ ತೋರಿಸಿ.

ಇನ್ನು ನಡಿಗೆ ದಾಖಲಿಸುವ ಆ್ಯಪ್ ವಿಷಯ. ಸ್ಟ್ರಾವಾ ಆಗಲಿ ಬೇರೆ ಯಾವುದೇ ಆಗಲಿ, ನಾನು ಒಂದು ಅಭ್ಯಾಸ ಹೇಳಿಕೊಡುತ್ತೇನೆ. ತುದಿ ಮುಟ್ಟಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸಿ ಸೇವ್ ಮಾಡಿ. ಕೂತು ನೀರು ಕುಡಿದು, ಇಳಿಯಲು ಎದ್ದಾಗ ಹೊಸದಾಗಿ ಶುರು ಮಾಡಿ. ಈಗ ಹತ್ತಿದ್ದು ಬೇರೆ, ಇಳಿದದ್ದು ಬೇರೆ ಸಿಗುತ್ತದೆ. ಹತ್ತಲು 40 ನಿಮಿಷ ಹಿಡಿದು, ಇಳಿದದ್ದು 15 ನಿಮಿಷದಲ್ಲಿ ಅಂದರೆ ನೀವು ಮೊಣಕಾಲಿನ ಮೇಲೆ ದಬದಬ ಬಿದ್ದುಕೊಂಡು ಬಂದಿದ್ದೀರಿ ಅಂತಲೇ ಅರ್ಥ. ನಾನು ನೋಡಲು ಕೇಳುವ ಪುಟ ಇದೇ. ಜೊತೆಗೆ ಆ ದಾಖಲೆಯ ಕೆಳಗೆ ಮರುದಿನ ಬೆಳಿಗ್ಗೆ ಒಂದು ಸಾಲು ಬರೆದಿಡಿ: ಎಲ್ಲಿ ನೋವು, ಎಷ್ಟು, ಎಷ್ಟು ಹೊತ್ತು. ಯಾವ ಸೆನ್ಸರ್‌ಗೂ ಸಿಗದ ಈ ಒಂದು ಸಾಲು ಚಿಕಿತ್ಸೆಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಇಳಿಯುವ ಶಕ್ತಿಯನ್ನು ಮನೆಯಲ್ಲೇ ಬೆಳೆಸಬಹುದು. ಮನೆ ಮುಂದಿನ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಲ್ಲಿ. ಒಂದು ಕಾಲು ಮೇಲೇ ಇರಲಿ. ಇನ್ನೊಂದು ಕಾಲಿನ ಹಿಮ್ಮಡಿ ಕೆಳಗೆ ತಾಗುವವರೆಗೆ ನಿಧಾನವಾಗಿ, ಮನಸ್ಸಲ್ಲೇ ಒಂದರಿಂದ ಮೂರು ಎಣಿಸುತ್ತಾ ಇಳಿಸಿ, ಮತ್ತೆ ಮೇಲಕ್ಕೆ ಬನ್ನಿ. ಮಂಡಿ ಒಳಗೆ ವಾಲದಿರಲಿ. ಎರಡೂ ಕಾಲಿಗೆ ಹತ್ತತ್ತು ಸಲ, ದಿನ ಬಿಟ್ಟು ದಿನ. ಗುಡ್ಡಕ್ಕೆ ಹೋಗುವ ಮೂರ್ನಾಲ್ಕು ವಾರ ಮೊದಲೇ ಶುರು ಮಾಡಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಹನುಮಮಾಲೆ ಹಾಕಿ ಅಂಜನಾದ್ರಿ ಹತ್ತುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ದೂರದ ಲೆಕ್ಕವನ್ನು ಮಾತ್ರ ತೀರಾ ನಂಬಬೇಡಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ಜಾಗ ತೋರಿಸುತ್ತದೆ. ಹಿರೇಬೆಣಕಲ್‌ನ ಮೊರೇರ ಗುಡ್ಡದಂತಹ ಕಡೆ ದೊಡ್ಡ ಬಂಡೆಗಳ ನಡುವೆ ಉಪಗ್ರಹದ ಸಿಗ್ನಲ್ ಕಲ್ಲಿಗೆ ತಾಗಿ ತಿರುಗಿ ಬರುತ್ತದೆ. ನೀವು ನೆರಳಲ್ಲಿ ಸುಮ್ನೆ ಕೂತಿದ್ದರೂ ಮ್ಯಾಪ್‌ನಲ್ಲಿ ಗೆರೆ ಅತ್ತಿತ್ತ ಓಡಾಡಿ ದೂರ ಬೆಳೆಯುತ್ತದೆ. ಎತ್ತರದಲ್ಲೂ ಒಂದು ಗೊಂದಲ ಇದೆ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ಆಕಾರದ ಒಂದು ಗಣಿತದ ಮಾದರಿಯಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಮಾದರಿಗಿಂತ ಬಹಳ ಕೆಳಗಿದೆ. ಇದನ್ನು ಸರಿಪಡಿಸದ ಆ್ಯಪ್‌ಗಳು ನಮ್ಮ ಭಾಗದಲ್ಲಿ 70-90 ಮೀಟರ್ ಕಡಿಮೆ ಎತ್ತರ ತೋರಿಸುತ್ತವೆ. ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕೆಳಗಿನಿಂದ ಮೇಲಕ್ಕೆ ಎಷ್ಟು ಏರಿದಿರಿ ಅನ್ನುವುದಷ್ಟೇ ನಿಮಗೆ ಬೇಕಾದ್ದು.

ಹಿರೇಬೆಣಕಲ್ ಹೆಸರು ಬಂದಿದ್ದಕ್ಕೆ ಒಂದು ಮಾತು. 2021ರಲ್ಲಿ ಆ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಅಲ್ಲಿನ ಶಿಲಾಸಮಾಧಿಗಳ ಚಪ್ಪಡಿ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ದಯವಿಟ್ಟು ಬಿಡಿ. ಸಾವಿರಾರು ವರ್ಷ ಹಾಗೇ ನಿಂತ ಕಲ್ಲುಗಳು ಅವು.

ಕೈಗೆ ಕಟ್ಟುವ ವಾಚ್ ನಾಡಿಬಡಿತ ತೋರಿಸುತ್ತದೆ. ಹಸಿರು ಬೆಳಕು ಚರ್ಮದೊಳಗೆ ಬಿಟ್ಟು ರಕ್ತದ ಹರಿವು ಓದುವ ವಿಧಾನ ಅದು. ಪಟ್ಟಿ ಸಡಿಲವಾದರೆ, ಬಂಡೆ ಹಿಡಿಯಲು ಮಣಿಕಟ್ಟು ಬಗ್ಗಿಸಿದರೆ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಮ್ಮ ಬಿಸಿಲು. ಬಳ್ಳಾರಿ ಗುಡ್ಡವಾಗಲಿ, ರಾಯಚೂರು ಕೋಟೆಯಾಗಲಿ, ಕೊಪ್ಪಳದ ಕೋಟೆಯಾಗಲಿ, ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಬಂಡೆ ಬೇರೆ. ಮೈ ತಣ್ಣಗಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಅದೇ ವೇಗದಲ್ಲಿ ನಡೆದರೂ ನಾಡಿ ಏರುತ್ತಲೇ ಹೋಗುತ್ತದೆ. ಜನವರಿಯಲ್ಲಿ ಅದೇ ದಾರಿಗೆ ಬಂದ ನಾಡಿಯನ್ನು ಬೇಸಿಗೆಯದರ ಪಕ್ಕ ಇಟ್ಟು ನೋಡಿದರೆ ಬಿಸಿಲು ಎಷ್ಟು ಕೆಲಸ ಕೊಡುತ್ತಿದೆ ಅಂತ ಕಾಣುತ್ತದೆ. ಇದಕ್ಕೆ ಮಾತ್ರ ವಾಚ್ ನಿಜಕ್ಕೂ ಒಳ್ಳೆಯದು.

ಬಿ.ಪಿ.ಗೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ಈ ಮಾತ್ರೆಗಳು ನಾಡಿ ಏರದಂತೆ ಹಿಡಿದಿಡುತ್ತವೆ. ದೇಹ ಸುಸ್ತಾಗಿದ್ದರೂ ವಾಚ್ 105 ಅಂತ ಸಮಾಧಾನವಾಗಿ ತೋರಿಸಬಹುದು. ನಾಡಿ ಗರಿಷ್ಠ ಎಷ್ಟಕ್ಕೆ ಏರಬಹುದು ಅಂತ ನೋಡಲು 220ರಿಂದ ವಯಸ್ಸು ಕಳೆಯುವ ಸೂತ್ರ ನಿಮಗೆ ಹೊಂದುವುದಿಲ್ಲ. ಮಾತಾಡಿ ನೋಡಿ. ಒಂದು ಪೂರ್ತಿ ವಾಕ್ಯ ಉಸಿರು ಕಟ್ಟದೆ ಹೇಳಲು ಆಗುತ್ತಿದ್ದರೆ ನಡಿಗೆ ಸರಿ ಇದೆ. ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲಬೇಕಾದರೆ ನೆರಳು ಹುಡುಕಿ ಕೂತುಕೊಳ್ಳಿ. ಎದೆ ಬಿಗಿತ, ತಲೆಸುತ್ತು ಬಂದರೆ ವಾಚ್ ಏನೇ ತೋರಿಸಲಿ, ಅಲ್ಲಿಗೇ ನಿಲ್ಲಿಸಿ.

ಕ್ಯಾಲೊರಿ ಅಂಕಿಯನ್ನು ನಾನು ನೋಡುವುದೇ ಇಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿ ವಿಷಯದಲ್ಲಿ ಅತಿ ಚೆನ್ನಾಗಿದ್ದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಅದನ್ನು ನಂಬಿ ಮಿರ್ಚಿ-ಒಗ್ಗರಣೆಯ ಲೆಕ್ಕ ಹಾಕಬೇಡಿ.

ಬ್ಯಾಟರಿ ಉಳಿಸಿಕೊಳ್ಳಿ. ಗುಡ್ಡಗಳ ಸಂದಿನಲ್ಲಿ ನೆಟ್‌ವರ್ಕ್ ಹುಡುಕುತ್ತಲೇ ಫೋನ್ ಅರ್ಧ ಖಾಲಿಯಾಗುತ್ತದೆ. ಹೊರಡುವ ಮೊದಲೇ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು, ಫ್ಲೈಟ್ ಮೋಡ್‌ಗೆ ಹಾಕಿ. ಸಾಮಾನ್ಯವಾಗಿ ಎಲ್ಲ ಫೋನ್‌ಗಳಲ್ಲೂ ಆಗ ಜಿಪಿಎಸ್ ನಡೆಯುತ್ತಲೇ ಇರುತ್ತದೆ. ಫೋನನ್ನು ಬಂಡೆ ಮೇಲೆ ಬಿಸಿಲಿಗೆ ಇಡಬೇಡಿ, ಕಾದರೆ ಅದು ತಾನೇ ಆಫ್ ಆಗಬಹುದು. ಇಯರ್‌ಫೋನ್ ಬೇಡ. ಕರಡಿ, ಚಿರತೆ ಓಡಾಡುವ ಗುಡ್ಡಗಳಿವು, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಕಿವಿ ತೆರೆದಿರಬೇಕು. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆಯುವ ಹೆಣ್ಣುಮಕ್ಕಳು ಆ್ಯಪ್‌ನಲ್ಲಿ ಮನೆಯ ಆಸುಪಾಸಿನ ಗೆರೆ ಬೇರೆಯವರಿಗೆ ಕಾಣದಂತೆ ಮುಚ್ಚಿಡಿ. ಆ ಸೆಟ್ಟಿಂಗ್ ಇದೆ.

ಕಾಲು ಉಳುಕಿ ಎಲ್ಲೋ ಕೂತುಬಿಟ್ಟರೆ 112ಕ್ಕೆ ಅಥವಾ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ನೆಟ್‌ವರ್ಕ್ ಸಿಕ್ಕರೆ 112 ಹೋಗುವ ಸಾಧ್ಯತೆ ಇದೆ. ಫ್ಲೈಟ್ ಮೋಡ್ ತೆಗೆಯುವುದನ್ನು ಮರೆಯಬೇಡಿ. ಮ್ಯಾಪ್‌ನಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ-ರೇಖಾಂಶದ ಅಂಕಿ ಬರುತ್ತದೆ, ಅದನ್ನೇ ಓದಿ ಹೇಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಮಾಹಿತಿ ಅಂತ ಒಂದು ಜಾಗ ಇರುತ್ತದೆ. ರಕ್ತದ ಗುಂಪು, ಸಕ್ಕರೆ ಮತ್ತು ಬಿ.ಪಿ. ಮಾತ್ರೆಗಳ ಹೆಸರು, ಮನೆಯವರ ನಂಬರ್ ಅಲ್ಲಿ ತುಂಬಿಡಿ. ಲಾಕ್ ತೆಗೆಯದೆಯೂ ಬೇರೆಯವರು ಅದನ್ನು ಓದಬಹುದು.