ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುತ್ತಾ?

"ಮನೆ ಹಿಂದೆ ನಾಲ್ಕು ಹೇಂಟೆ ಸಾಕಿದ್ದೀವಿ. ಹುಂಜ ಬೆಳಗಿನ ಜಾವ ಕೂಗಿದರೆ ಅಕ್ಕಪಕ್ಕದವರು ಜಗಳಕ್ಕೆ ಬರ್ತಾರೆ, ಅದಕ್ಕೇ ತಂದಿಲ್ಲ. ಬರೀ ಹೇಂಟೆಗಳೇ ಇದ್ದರೆ ಮೊಟ್ಟೆ ಇಡ್ತಾವಾ ಸಾರ್?"

ಇಡುತ್ತವೆ. ಹುಂಜ ಇದ್ದರೆ ಎಷ್ಟು ಇಡುತ್ತಿದ್ದವೋ ಅಷ್ಟೇ ಇಡುತ್ತವೆ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. "ಹೂಂ, ಗೊತ್ತಾಯ್ತು" ಅಂದವರೇ ವಾರ ಬಿಟ್ಟು "ಆದರೂ ಒಂದು ಹುಂಜ ಇದ್ದರೆ ಒಳ್ಳೇದಲ್ವಾ?" ಅಂತ ಮತ್ತೆ ಬರುತ್ತಾರೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಕಿರಾಣಿ ಅಂಗಡಿಯಲ್ಲಿ ಟ್ರೇಗಟ್ಟಲೆ ಮೊಟ್ಟೆ ನೋಡುತ್ತೀರಲ್ಲ, ಶಾಲೆಯ ಬಿಸಿಯೂಟದಲ್ಲಿ ಮಕ್ಕಳು ಮೊಟ್ಟೆ ತಿನ್ನುತ್ತವಲ್ಲ, ಅವು ಬರುವ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ನಾಮಕ್ಕಲ್ ಕಡೆಯ ಒಂದೊಂದು ಶೆಡ್ಡಿನಲ್ಲಿ ಸಾವಿರಾರು ಹೇಂಟೆಗಳು ಸಾಲಾಗಿ ಪಂಜರದಲ್ಲಿರುತ್ತವೆ. ಹುಟ್ಟಿದಾಗಿನಿಂದ ಅವು ಹುಂಜದ ಮುಖ ಕಂಡಿರುವುದಿಲ್ಲ. ಆದರೂ ಒಂದೊಂದೂ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುತ್ತವೆ.

ಇಷ್ಟಾದರೂ ಈ ನಂಬಿಕೆ ಯಾಕೆ ಸಾಯುವುದಿಲ್ಲ? ನನಗೆ ಕಾಣುವಂತೆ ಮೊದಲ ಕಾರಣ ಹಸು. ಹಸು ಗಬ್ಬ ಕಟ್ಟಿ ಕರು ಹಾಕದೆ ಹಾಲು ಕೊಡುವುದಿಲ್ಲ. ಕೊಟ್ಟಿಗೆಯ ಆ ಲೆಕ್ಕವನ್ನೇ ನಾವು ಕೋಳಿಗೂಡಿಗೆ ತಂದುಬಿಟ್ಟಿದ್ದೇವೆ. ಹಾಲು ಬರುವುದು ಕರುವಿಗಾಗಿ, ಕರು ಆದ ಮೇಲೆ. ಮೊಟ್ಟೆ ಹಾಗಲ್ಲ, ಅದು ಮರಿಗಿಂತ ಮೊದಲೇ ತಯಾರಾಗುವ ವಸ್ತು.

ಎರಡನೆಯ ಕಾರಣ ಕಾಕತಾಳೀಯ. ನಮ್ಮ ಬೀದಿಯ ಅಜ್ಜಿಯೊಬ್ಬರು ಐದು ಗಿರಿರಾಜ ಮರಿ ತಂದು ಸಾಕಿದರು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ರೂಪಿಸಿದ ತಳಿ ಅದು. ಐದೂವರೆ ತಿಂಗಳಾದರೂ ಮೊಟ್ಟೆ ಇಲ್ಲ ಅಂತ ಅಜ್ಜಿ ಸಂತೆಯಿಂದ ಹುಂಜ ತರಿಸಿದರು. ಎಂಟೇ ದಿನಕ್ಕೆ ಮೊದಲ ಮೊಟ್ಟೆ! ಅಲ್ಲಿಂದ ಇಡೀ ಬೀದಿಗೆ ಹುಂಜದ್ದೇ ಮಹಿಮೆ. ಆದರೆ ಆ ಹೊತ್ತಿಗೆ ಹೇಂಟೆಗಳ ಜುಟ್ಟು ಕೆಂಪೇರಿತ್ತು, ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಅಗಲಿಸಿ ಕುಕ್ಕರಿಸುತ್ತಿದ್ದವು. ವಯಸ್ಸಿಗೆ ಬಂದ ಹೇಂಟೆಯ ಗುರುತು ಅದು. ಹುಂಜ ಬರದಿದ್ದರೂ ಅದೇ ವಾರ ಇಡುತ್ತಿದ್ದವು.

ಹೇಂಟೆಯ ಹೊಟ್ಟೆಯಲ್ಲಿ ನಡೆಯುವುದು ಇದು. ದ್ರಾಕ್ಷಿ ಗೊಂಚಲಿನಂಥ ಅಂಡಾಶಯದಿಂದ ಒಂದು ಹಳದಿ ಕಳಚಿ ಅಂಡನಾಳಕ್ಕೆ ಬೀಳುತ್ತದೆ. ನಾಳದ ಬಾಯಲ್ಲಿ ಅದು ಇರುವುದು ಸುಮಾರು ಕಾಲು ಗಂಟೆ. ಹುಂಜದ ವೀರ್ಯ ಅಲ್ಲಿದ್ದರೆ ಆಗಲೇ ಸೇರಬೇಕು. ಆಮೇಲೆ ಮೂರು ಗಂಟೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಮುಂದಿನ ಒಂದು ಗಂಟೆಯಲ್ಲಿ ತೆಳು ಪೊರೆ ಬರುತ್ತದೆ, ಚಿಪ್ಪು ಕಟ್ಟಲು ಹತ್ತಿರಹತ್ತಿರ ಇಪ್ಪತ್ತು ಗಂಟೆ ಬೇಕು. ಒಟ್ಟು 24ರಿಂದ 26 ಗಂಟೆಯ ಕೆಲಸ. ಇದರಲ್ಲಿ ಹುಂಜಕ್ಕೆ ಜಾಗವಿರುವುದು ಆ ಮೊದಲ ಕಾಲು ಗಂಟೆಯಲ್ಲಿ ಮಾತ್ರ. ವೀರ್ಯ ಸೇರಲಿ, ಸೇರದಿರಲಿ, ಹಳದಿ ಮುಂದೆ ಹೋಗುತ್ತದೆ, ಚಿಪ್ಪು ಕಟ್ಟಿಯೇ ಕಟ್ಟುತ್ತದೆ. ದಿನದಿನಕ್ಕೆ ಮೊಟ್ಟೆ ಸ್ವಲ್ಪ ಸ್ವಲ್ಪ ತಡವಾಗಿ ಬಂದು, ನಡುವೆ ಒಂದು ದಿನ ತಪ್ಪುವುದೂ ಈ ಇಪ್ಪತ್ತೈದು ಗಂಟೆಯ ಲೆಕ್ಕದಿಂದಲೇ.

"ನಮ್ಮಲ್ಲಿ ಹುಂಜ ಇಲ್ಲ, ಆದರೂ ಮರಿ ಆಯ್ತು" ಅನ್ನುವವರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಒಮ್ಮೆ ಹುಂಜದ ಜೊತೆ ಕೂಡಿದ ಹೇಂಟೆ ಆ ವೀರ್ಯವನ್ನು ಒಳಗೇ ಕಾಪಿಟ್ಟುಕೊಳ್ಳುತ್ತದೆ, ಎರಡು ವಾರದವರೆಗೂ ಮರಿಯಾಗುವ ಮೊಟ್ಟೆ ಇಡಬಲ್ಲದು. ಸಂತೆಯಿಂದ ತಂದ ಹೇಂಟೆಗೆ ಹಿಂದಿನ ಮನೆಯಲ್ಲಿ ಹುಂಜ ಇದ್ದಿರುತ್ತದೆ, ಅಷ್ಟೇ.

ಅನುಮಾನವಿದ್ದರೆ ಒಂದು ಮೊಟ್ಟೆಯನ್ನು ತಟ್ಟೆಗೆ ಒಡೆದು ನೋಡಿ. ಹಳದಿಯ ಮೇಲೆ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಅಂಚು ಅಂಕುಡೊಂಕಾದ ಬರೀ ಬಿಳಿ ಬೊಟ್ಟಾದರೆ ಅದು ಮರಿಯಾಗದ ಮೊಟ್ಟೆ. ಬೊಟ್ಟಿನ ಸುತ್ತ ಬಳೆಯಂತೆ ದುಂಡನೆ ಗೆರೆ ಇದ್ದರೆ ಹುಂಜ ಕೂಡಿದ ಮೊಟ್ಟೆ. ಕೆಲವೊಮ್ಮೆ ಕಾಣುವ ರಕ್ತದ ಚುಕ್ಕೆಗೂ ಮರಿಗೂ ಸಂಬಂಧವಿಲ್ಲ. ಹಳದಿ ಕಳಚುವಾಗ ಸಣ್ಣ ರಕ್ತನಾಳ ಒಡೆದರೆ ಹಾಗಾಗುತ್ತದೆ. ತಿನ್ನುವವರಿಗೆ ಎರಡೂ ಮೊಟ್ಟೆಯ ಪೌಷ್ಟಿಕಾಂಶ ಒಂದೇ. ನಿಜ ಹೇಳಬೇಕೆಂದರೆ ಬೇಸಿಗೆಯಲ್ಲಿ ಹುಂಜ ಇಲ್ಲದ ಮೊಟ್ಟೆಯೇ ಮೇಲು. ರಾಯಚೂರು, ಕಲಬುರಗಿಯ ಬಿಸಿಲಿಗೆ, ಹುಂಜ ಕೂಡಿದ ಮೊಟ್ಟೆ ಅಡುಗೆಮನೆಯ ಬುಟ್ಟಿಯಲ್ಲೇ ಒಳಗೊಳಗೆ ಬೆಳೆಯಲು ಶುರುವಿಟ್ಟು ಕೆಡುತ್ತದೆ.

ಮರಿ ಬೇಕಿದ್ದರೆ ಹುಂಜ ಬೇಕು. ಹದ್ದು ಸುಳಿದಾಗ ಕೂಗಿ ಎಚ್ಚರಿಸುವುದಕ್ಕೂ ಅದು ಒಳ್ಳೆಯದೇ. ಆದರೆ ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇರಬೇಕು. ನಾಲ್ಕೇ ಇದ್ದರೆ ಅವುಗಳ ಬೆನ್ನ ಪುಕ್ಕವೆಲ್ಲ ಉದುರಿ ಚರ್ಮ ಕಾಣುತ್ತದೆ, ಪಾಪ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ನಾಟಿ ಹೇಂಟೆಯಿದ್ದರೆ ಇಂದಲ್ಲ ನಾಳೆ ಎದುರಾಗುತ್ತದೆ. ಹುಂಜ ಇಲ್ಲದಿದ್ದರೂ ಹೇಂಟೆ ಕಾವಿಗೆ ಕೂರುತ್ತದೆ. ನಮ್ಮ ಕಪ್ಪಿ ಹೋದ ವರ್ಷ ಖಾಲಿ ಮಂಕರಿಯಲ್ಲಿ ಕೂತಿತು. ಕೈ ಹಾಕಿದರೆ ಪುಕ್ಕವೆಲ್ಲ ನಿಮಿರಿಸಿ ಗುರ್ ಅನ್ನುತ್ತಿತ್ತು. ಎತ್ತಿ ನೋಡಿದರೆ ಎದೆಯ ಪುಕ್ಕ ಉದುರಿ ಚರ್ಮ ಬಿಸಿಯಾಗಿತ್ತು. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು ಮತ್ತೆ ಅಲ್ಲಿಗೇ. ಆಗ ಮೊಟ್ಟೆ ನಿಲ್ಲುತ್ತದೆ, ಮೈ ಇಳಿಯುತ್ತದೆ.

ಇಂಥ ಹೇಂಟೆಯನ್ನು ಬಕೆಟ್ ನೀರಿಗೆ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ದಯವಿಟ್ಟು ಮಾಡಬೇಡಿ. ಅದು ಹಟವಲ್ಲ, ಮೈಯೊಳಗಿನ ಹಾರ್ಮೋನಿನ ಕೆಲಸ. ತಳಕ್ಕೆ ತಂತಿ ಬಲೆ ಇರುವ ಪಂಜರವನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿಟ್ಟು, ಹುಲ್ಲು ಹಾಸದೆ, ಬೆಳಕಿರುವ ಕಡೆ ಮೂರು ನಾಲ್ಕು ದಿನ ಅದರಲ್ಲಿ ಬಿಡಿ. ನೀರು, ಕಾಳು ತಪ್ಪಿಸಬೇಡಿ. ಕೆಳಗಿಂದ ಗಾಳಿಯಾಡಿದರೆ ಹೊಟ್ಟೆ ತಂಪಾಗಿ ಕಾವು ಇಳಿಯುತ್ತದೆ, ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರು.

ಅದಕ್ಕೂ ಮನಸ್ಸು ಬಾರದಿದ್ದರೆ, ಹುಂಜ ಇರುವವರ ಮನೆಯಿಂದ ವಾರದೊಳಗಿನ ಎಂಟು ಮೊಟ್ಟೆ ಕೇಳಿ ತನ್ನಿ. ರಾತ್ರಿ ಕತ್ತಲಾದ ಮೇಲೆ ಒಂದೊಂದಾಗಿ ಅದರ ಹೊಟ್ಟೆಯಡಿಗೆ ಸರಿಸಿ. ಕಪ್ಪಿಗೆ ನಾನು ಹಾಗೇ ಮಾಡಿದ್ದು. ಕೊಕ್ಕಿನಿಂದ ಮೊಟ್ಟೆಗಳನ್ನು ಒಳಗೆಳೆದುಕೊಂಡು ಕೂತಿತು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಮಂಕರಿಯಲ್ಲಿ ಆರು ಮರಿಗಳು ಚಿಂವ್‌ಗುಟ್ಟುತ್ತಿದ್ದವು.