ಮೇಕೆ ಕೊಟ್ಟ ಮೇಲಿನ ಹದಿನಾಲ್ಕು ತಿಂಗಳು

ಬದುಕಿಗೆ ಆಸರೆಯಾಗಲೆಂದು ದಾನಿಗಳು, ಸಂಘಸಂಸ್ಥೆಗಳು ಬಡವರ ಮನೆಗೆ ಕೊಡಿಸಿದ ಮೇಕೆ ಸಾಯದಿದ್ದರೂ ಎಷ್ಟೋ ಸಲ ಉಳಿಯುವುದಿಲ್ಲ, ಮಾರಿಹೋಗುತ್ತದೆ. ಇದರಲ್ಲಿ ಪಡೆದವರ ತಪ್ಪೇನಿಲ್ಲ, ತಿಂಗಳ ಲೆಕ್ಕ ಹಾಕಿ ನೋಡಿ. ಗಬ್ಬವಾಗದ ಮೇಕೆ ಬೆದೆಗೆ ಬಂದು ಹೋತ ಸಿಗುವುದಕ್ಕೆ ಒಂದು ತಿಂಗಳು, ಗಬ್ಬ ಐದು ತಿಂಗಳು, ಮರಿ ಸಂತೆಗೆ ಹೋಗುವಷ್ಟು ಬೆಳೆಯಲು ಎಂಟು ತಿಂಗಳು. ಮೊದಲ ದುಡ್ಡು ಕಾಣಲು 14 ತಿಂಗಳು ಬೇಕು. ಅಷ್ಟರೊಳಗೆ ಮನೆಯಲ್ಲಿ ಯಾರಿಗೋ ಜ್ವರ ಬರುತ್ತದೆ, ಕೈಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಮಾರಬಹುದಾದದ್ದು ಹಿತ್ತಲಲ್ಲಿ ಕಟ್ಟಿದ್ದೊಂದೇ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಶುರುಮಾಡಿದ ಕಾರ್ಯಕ್ರಮ ಈ ಅಂತರವನ್ನೇ ತುಂಬಿತು: ಪ್ರಾಣಿಯ ಜೊತೆಗೆ ಕೆಲವು ತಿಂಗಳು ಊಟದ ಖರ್ಚಿಗೆ ಕಾಸು, ಸಾಕುವ ತರಬೇತಿ, ಉಳಿತಾಯ, ಸುಮಾರು ಎರಡು ವರ್ಷ ಮನೆಭೇಟಿ. ಪಶ್ಚಿಮ ಬಂಗಾಳದಲ್ಲಿ ಬಂಧನ್ ಎಂಬ ಸಂಸ್ಥೆ ಇದನ್ನೇ ಮಾಡಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು ಹತ್ತು ವರ್ಷದ ಮೇಲೆ ಹೋಗಿ ಅಳೆದಾಗಲೂ ಆ ಕುಟುಂಬಗಳ ಸ್ಥಿತಿ ನೆರವು ಪಡೆಯದವರಿಗಿಂತ ಮೇಲೆಯೇ ಇತ್ತು. ಘಾನಾದಲ್ಲಿ ಕೆಲವರಿಗೆ ಬರೀ ಮೇಕೆ ಕೊಟ್ಟು ನೋಡಿದರು; ಬಾಳಿಕೆಯ ಲಾಭ ಕಾಣಲಿಲ್ಲ. ಹೊಂಡುರಾಸ್‌ನಲ್ಲಿ ಇಂಥದೇ ಕಾರ್ಯಕ್ರಮದಲ್ಲಿ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗ ಬಂದು ಸತ್ತವು.

ಹಾಗಾಗಿ 15 ಮೇಕೆಗಷ್ಟು ಹಣವಿದ್ದರೆ 15 ಮನೆಗೆ ಹಂಚಬೇಡಿ. ನಾಲ್ಕು ಮನೆಗೆ ಎರಡೆರಡು ಕೊಟ್ಟು, ಉಳಿದ ಹಣವನ್ನು ವಾರದ ಖರ್ಚಿಗೆ, ಔಷಧಿಗೆ, ವಿಮೆಗೆ ಇಡಿ. ಫಲಕ ಹಿಡಿದು ತೆಗೆಸಿದ ಫೋಟೊದಲ್ಲಿ 15 ಮೇಕೆ ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಒಂದೇ ಇದ್ದ ಮನೆಯಲ್ಲಿ ಅದು ಸತ್ತ ದಿನ ಎಲ್ಲ ಮುಗಿಯಿತು.

ಯಾರಿಗೆ ಕೊಡಬೇಕೆಂಬುದನ್ನು ಒಬ್ಬ ಮುಖಂಡರ ಪಟ್ಟಿಗೆ ಬಿಡಬಾರದು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಓಣಿಯ ನಕ್ಷೆ ಬರೆಸಿ, ಯಾರ ಮನೆ ಯಾವ ಸ್ಥಿತಿಯಲ್ಲಿದೆ ಎಂದು ಊರವರಿಂದಲೇ ಹೇಳಿಸಿ, ಆಮೇಲೆ ಮನೆಮನೆಗೆ ಹೋಗಿ ತಾಳೆ ನೋಡಬೇಕು. ಬೆಳಿಗ್ಗೆ ಕೂಲಿಗೆ ಹೋದರೆ ಸಂಜೆ ಬರುವ ಒಂಟಿ ಹೆಂಗಸಿಗೆ ಮೇಕೆ ಹೊರೆ. ಅವರಿಗೆ ಸಣ್ಣ ಅಂಗಡಿಯೇ ಮೇಲು.

ಕೊಳ್ಳುವಾಗ ಹಲ್ಲು ನೋಡಿ. ಹಾಲುಹಲ್ಲು ಬಿದ್ದು ಎರಡು ಅಥವಾ ನಾಲ್ಕು ದೊಡ್ಡ ಹಲ್ಲು ಬಂದಿರುವ, ಸಾಧ್ಯವಾದರೆ ಒಮ್ಮೆ ಈದಿರುವ ಮೇಕೆ ಒಳ್ಳೆಯದು. ಎರಡು ಮೂರು ತಿಂಗಳ ಗಬ್ಬದ್ದು ಸಿಕ್ಕರೆ ಕಾಯುವ ಕಾಲ ಕಡಿಮೆಯಾಗುತ್ತದೆ. ತುಂಬುಗಬ್ಬದ್ದನ್ನು ಟೆಂಪೊದಲ್ಲಿ ಸಾಗಿಸಿದರೆ ಕಂದು ಹಾಕುವ ಭಯ. ಬೀದರ್, ಕಲಬುರಗಿ ಕಡೆ ಉಸ್ಮಾನಾಬಾದಿ ಹೊಂದುತ್ತದೆ, ಅವಳಿ ಮರಿಗೂ ಹೆಸರಾದ ತಳಿ. ಎತ್ತರದ ತಳಿ ಜಮುನಾಪಾರಿ ನೋಡಲು ಚೆಂದ, ಅದರ ಹೊಟ್ಟೆಗೆ ಬೇಕಾದ ಸೊಪ್ಪು ಬಡವರ ಹಿತ್ತಲಲ್ಲಿ ಸಿಗದು.

ಸಂತೆಯಿಂದ ನೇರವಾಗಿ ಮನೆಗೆ ಕೊಡುವುದೇ ದೊಡ್ಡ ತಪ್ಪು. ಪಿಪಿಆರ್ ಎಂಬ ಅಂಟುರೋಗ ಹರಡುವುದು ಹೆಚ್ಚಾಗಿ ಸಂತೆಯಲ್ಲೇ. ಮೂರು ವಾರ ಬೇರೆ ಕಡೆ ಕಟ್ಟಿ, ಬಂದ ತಕ್ಷಣ ಲಸಿಕೆ ಹಾಕಿಸಿ. ರೋಗನಿರೋಧಕ ಶಕ್ತಿ ಬರಲು ಎರಡು ವಾರವಾದರೂ ಬೇಕು. ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಕರುಳುಬೇನೆಯ ಲಸಿಕೆ ಹಾಗಲ್ಲ, ಪ್ರತಿ ವರ್ಷ ಮಳೆಗೆ ಮೊದಲು ಬೇಕು. ಮೊದಲ ಸಲ ಹಾಕುವುದಾದರೆ ಎರಡು ಮೂರು ವಾರಕ್ಕೆ ಮತ್ತೊಂದು. ಮೊದಲ ಮಳೆಯ ಎಳೆಹುಲ್ಲನ್ನು ಹೊಟ್ಟೆ ಬಿರಿಯ ತಿಂದ ಮೇಕೆ ರಾತ್ರಿ ಬೆಳಗಾಗುವುದರಲ್ಲಿ ಸಾಯುವುದು ಈ ಕರುಳುಬೇನೆಯಿಂದಲೇ. ಜಂತುನಾಶಕವನ್ನು ತೂಕ ನೋಡಿ ಕುಡಿಸಬೇಕು. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ, ಮರಿ ಕೆಡುತ್ತದೆ.

ಮನೆಯವರು ಕಲಿಯಬೇಕಾದದ್ದು ಹೆಚ್ಚಿಲ್ಲ. ಮರಿ ಹುಟ್ಟಿ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸುವುದು, ಮಲಗುವ ಜಾಗ ಒಣಗಿರುವಂತೆ ನೋಡುವುದು (ಒಂದಕ್ಕೆ ಹತ್ತು ಚದರ ಅಡಿ ನೆರಳು), ಬೇಲಿಗೆ ಮೇವಿನ ಮರಗಳಾದ ಅಗಸೆ, ನುಗ್ಗೆ ನೆಡುವುದು. ಕಾಯಿಲೆ ಕಂಡರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನು. ವಿಮೆ ಮಾಡಿಸಿದ ಮೇಕೆಯ ಕಿವಿಗೆ ಹಾಕಿದ ಗುರುತಿನ ಓಲೆ ಕಳಚಿದರೆ ಅಂದೇ ತಿಳಿಸಬೇಕು. ಓಲೆಯಿಲ್ಲದೆ ಸತ್ತರೆ ಪರಿಹಾರ ಸಿಗುವುದಿಲ್ಲ.

ಹೋತನ ವಿಷಯ ಎಲ್ಲರೂ ಮರೆಯುತ್ತಾರೆ. 20ರಿಂದ 30 ಮೇಕೆಗೆ ಒಂದು ಸಾಕು, ಆದರೆ ಊರಲ್ಲಿ ಇರಲೇಬೇಕು. ಎರಡು ವರ್ಷಕ್ಕೊಮ್ಮೆ ಪಕ್ಕದೂರಿನದರ ಜೊತೆ ಬದಲಿಸದಿದ್ದರೆ ಅಪ್ಪನೇ ಮಗಳಿಗೆ ಹೋತನಾಗಿ, ಮರಿಗಳು ಸೊರಗುತ್ತವೆ.

ಇನ್ನು ಮಾರಾಟ. ವ್ಯಾಪಾರಿ ಬೆನ್ನು ಹಿಚುಕಿ, ಕಣ್ಣಂದಾಜಿನಲ್ಲಿ ಬೆಲೆ ಕಟ್ಟುತ್ತಾನೆ, ಅಂದಾಜು ಯಾವಾಗಲೂ ಅವನ ಕಡೆಗೇ ಬೀಳುತ್ತದೆ. ಓಣಿಗೊಂದು ತೂಗುಹಾಕುವ ತಕ್ಕಡಿ ಕೊಡಿಸಿ, ಮರಿಯನ್ನು ಗೋಣಿಚೀಲದ ಜೋಲಿಯಲ್ಲಿ ತೂಗಿ ಕಿಲೊ ಲೆಕ್ಕದಲ್ಲಿ ಮಾತಾಡಲು ಹೇಳಿ. ಗಂಡುಮರಿಗಳನ್ನು ಬಕ್ರೀದ್‌ವರೆಗೆ ಇಟ್ಟುಕೊಳ್ಳುವ ಶಕ್ತಿ ಮನೆಗೆ ಬಂದಿದ್ದರೆ, ಅವರು ಚೌಕಾಸಿಯನ್ನೂ ಮಾಡುತ್ತಾರೆ.